ಯಜಮಾನರನ್ನು ಸೋಲಿಸಲು ಒಬ್ಬರು ಬೇಕಾಗಿದ್ದಾರೆ

ಎಲ್ಲ ರಗಳೆಗೂ ಮೂಲ ಒಂದು ಕುರ್ಚಿ.

ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗಿ ಇನ್ನೂ ಯಂತ್ರಗಳು ಬಿಸಿಯಾಗಿರಲಿಲ್ಲ. ಅಷ್ಟರಲ್ಲೇ ಯಜಮಾನ ಗಂಟೆ ಒತ್ತಿ ಮ್ಯಾನೇಜರನ್ನು ಕರೆಸಿ, "ನನ್ನ ಕೋಣೆಗೆ ಇನ್ನೊಂದು ಕುರ್ಚಿ ಹಾಕಿಸಿ" ಎಂದ. ಬೇರೆ ಕಡೆ ಇದೊಂದು ಸುದ್ದಿಯೇ ಅಲ್ಲ. ಆದರೆ ಈ ಆಟಿಕೆ ಕಂಪನಿಯ ಯಜಮಾನನ ಕೋಣೆಯಲ್ಲಿ ಎರಡನೇ ಕುರ್ಚಿಯನ್ನು ಕಂಡವರಿಲ್ಲ. ಇದ್ದದ್ದು ಒಂದೇ: ತಾತ ಮಾಡಿಸಿದ್ದು, ಕಪ್ಪು ಮರದ್ದು, ಕೂತವನ ತಲೆಗಿಂತ ಒಂದು ಗೇಣು ಎತ್ತರದ ಬೆನ್ನಿನದು. ಉಳಿದವರು ನಿಂತು ಬಂದು, ನಿಂತು ಮಾತಾಡಿ, ನಿಂತೇ ಹೋಗುತ್ತಿದ್ದರು.

ಸುದ್ದಿ ಅಚ್ಚಿನ ಶೆಡ್ಡಿನಿಂದ ಹೊರಟು, ಬಣ್ಣದ ಕೋಣೆಯಲ್ಲಿ ಮೈಗೆಲ್ಲ ಬಣ್ಣ ಬಳಿಸಿಕೊಂಡು, ಪ್ಯಾಕಿಂಗ್ ತಲುಪುವಷ್ಟರಲ್ಲಿ ಡಬ್ಬದಲ್ಲಿ ಹಿಡಿಸದಷ್ಟು ದೊಡ್ಡದಾಗಿತ್ತು.

"ಕಂಪನಿ ಮಾರ್ತಾರಂತೆ. ಕೊಳ್ಳೋನು ನಿಂತ್ಕೊಂಡು ಮಾತಾಡೋ ಪೈಕಿ ಅಲ್ವಂತೆ."

"ಥೂ, ಅದಲ್ಲ. ಮದ್ವೆಯಂತೆ. ಹುಡುಗಿ ಕಡೆಯವ್ರು ಇವತ್ತೇ ಬರ್ತಾರಂತೆ."

"ಕಾರ್ಖಾನೆಗಾ?"

"ಮತ್ತೆ ಯಜಮಾನ್ರು ಬೇರೆಲ್ಲಿ ಸಿಗ್ತಾರೆ?"

ಕೊನೆಯ ಮಾತು ಮಾತ್ರ ನಿಜ. ಕಾರ್ಖಾನೆಯ ಮಹಡಿಯ ಮೇಲಿನ ಎರಡು ಕೋಣೆಗಳೇ ಅವನ ಮನೆ. ಮದುವೆಯ ಮಾತು ಬಂದಾಗಲೆಲ್ಲ ಮಾರಾಟದ ಸೀಸನ್ನೂ ಬಂದಿರುತ್ತಿತ್ತು; ಸೀಸನ್ ಮುಗಿಯುವಷ್ಟರಲ್ಲಿ ಹುಡುಗಿಯ ಮದುವೆ ಮುಗಿದಿರುತ್ತಿತ್ತು. ರಾತ್ರಿ ಯಂತ್ರಗಳು ನಿಂತ ಮೇಲೆ, ಕೆಳಗಿನ ಗೋದಾಮಿನಲ್ಲಿ ಯಾವುದಾದರೂ ಗೊಂಬೆ ಪೆಟ್ಟಿಗೆಯೊಳಗೆ ಹೊರಳಿ "ಅಮ್ಮಾ" ಎನ್ನುವುದು ಅವನಿಗೆ ಕೇಳಿಸುತ್ತಿತ್ತು. ಆ ಹೊತ್ತಿನಲ್ಲಿ ಆ ಕಟ್ಟಡದಲ್ಲಿ ನಡೆಯುತ್ತಿದ್ದ ಸಂಭಾಷಣೆ ಅಷ್ಟೇ.

ಮ್ಯಾನೇಜರ್ ಪ್ಯಾಕಿಂಗಿನಿಂದ ಒಂದು ಕಬ್ಬಿಣದ ಸ್ಟೂಲನ್ನು ತಾನೇ ಹೊತ್ತು ತಂದ.

"ಕೂತ್ಕೊಳ್ಳಿ" ಎಂದ ಯಜಮಾನ.

"ನಾನಾ ಸಾರ್?"

"ಇಲ್ಲಿ ಇನ್ಯಾರಿದ್ದಾರೆ?"

ಮ್ಯಾನೇಜರ್ ಕಾದ ಕಾವಲಿಯ ಮೇಲೆ ಕೂರುವವನಂತೆ ಕೂತ. ಯಜಮಾನ ಮೇಜಿನ ಖಾನೆಯಿಂದ ಒಂದು ಮರದ ಹಲಗೆ ತೆಗೆದು ಇಬ್ಬರ ನಡುವೆ ಇಟ್ಟ. ಅದು ಅವನೇ ಕಟ್ಟಿದ ಆಟ. ಇಷ್ಟು ವರ್ಷ ಬೇರೆಯವರ ಬುದ್ಧಿಯಿಂದ ಹುಟ್ಟಿದ ಬಾತುಕೋಳಿ, ಬುಗುರಿ, ಪೀಪಿಗಳನ್ನೆಲ್ಲ ಮಾರಿದವನು ಮೊದಲ ಸಲ ಮಹಡಿಯ ಮೇಲೆ ಒಬ್ಬನೇ ಕೂತು, ಕೊರೆದು, ಉಜ್ಜಿ, ಬಣ್ಣ ಹಚ್ಚಿ ಮಾಡಿದ್ದು. ಹೆಸರು 'ದಾರಿ ಬಿಡಿ'.

ಆಟ ಸರಳ. ಹಲಗೆಯ ತುಂಬ ಇಕ್ಕಟ್ಟಾದ ಓಣಿಗಳು. ಈ ತುದಿಯಲ್ಲಿ ನಾಲ್ಕು ಕೆಂಪು ಗಾಡಿ, ಆ ತುದಿಯಲ್ಲಿ ನಾಲ್ಕು ಹಸಿರು ಗಾಡಿ. ನಿಮ್ಮ ಗಾಡಿಗಳೆಲ್ಲ ಮೊದಲು ಎದುರು ತುದಿ ಮುಟ್ಟಿದರೆ ನೀವು ಗೆದ್ದಿರಿ. ಓಣಿಯಲ್ಲಿ ಎರಡು ಗಾಡಿ ಎದುರುಬದುರಾದರೆ ಒಬ್ಬರು ಹಿಂದೆ ಸರಿದು ಪಕ್ಕದ ಸಂದಿಗೆ ಹೊಕ್ಕು ದಾರಿ ಬಿಡಬೇಕು. ಯಾರು ಬಿಡುವುದು? ಅದೇ ಆಟ. ಸುಮ್ಮನೆ ಕೂರುವ ಹಾಗಿಲ್ಲ. ಸರದಿ ಬಂದಾಗ ಯಾವುದೋ ಒಂದು ಗಾಡಿಯನ್ನು ಮುಂದಕ್ಕೋ ಹಿಂದಕ್ಕೋ ಸರಿಸಲೇಬೇಕು.

ಕುರ್ಚಿಯ ಹಿಂದಿನ ಗೋಡೆಯ ಮೇಲೆ ತಾತ ಬರೆಸಿದ ಸಾಲು ಇತ್ತು: 'ಯಜಮಾನ ಆಡಿ ನೋಡದ ಆಟಿಕೆ ಈ ಗೇಟು ದಾಟಬಾರದು.' ಅದರಂತೆ ಅವನು ಬಾಗಿಲು ಮುಚ್ಚಿಕೊಂಡು ನೆಲದ ಮೇಲೆ ಬಾತುಕೋಳಿ ಎಳೆದಿದ್ದ, ಗೊಂಬೆಗಳ ತಲೆ ಬಾಚಿದ್ದ, ಕೆನ್ನೆ ನೋಯುವವರೆಗೆ ಪೀಪಿ ಊದಿದ್ದ. ಇಬ್ಬರ ಆಟ ಬಂದಾಗ ಮೇಜನ್ನು ಸುತ್ತು ಹಾಕುತ್ತ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನಿಂತು ತನ್ನನ್ನು ತಾನೇ ಸೋಲಿಸಿಕೊಂಡಿದ್ದ. ಆದರೆ ಈ ಆಟ ಹಾಗೆ ಆಡಲು ಬರುವಂಥದ್ದಲ್ಲ. ಎದುರಿಗಿರುವವರ ಮನಸ್ಸಿನಲ್ಲಿ ಏನಿದೆ ಎಂದು ಗೊತ್ತಿರಬಾರದು. ತನ್ನ ಮನಸ್ಸಿನಲ್ಲಿ ಏನಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಬಹಳ ದಿನದಿಂದ ಹೊಸದೇನೂ ಇರಲಿಲ್ಲ.

ಸಂಜೆ ಮನೆಯವರ ಸಭೆ. ಈ ಸೀಸನ್ನಿಗೆ ಯಂತ್ರ ಯಾವ ಆಟಿಕೆಗೆ ಎಂದು ಅಲ್ಲಿ ತೀರ್ಮಾನ. ಒಂದು ಕಡೆ ಅವನ ಗಾಡಿಗಳು, ಇನ್ನೊಂದು ಕಡೆ ವರಸೆಯಲ್ಲಿ ತಮ್ಮನಾದ ಚಿಕ್ಕಪ್ಪನ ಮಗ ತಂದಿದ್ದ 'ಕಿರುಚುವ ಬಾತುಕೋಳಿ'. ಯಜಮಾನ ಎದ್ದು, "ಆಡಿದೆ, ಚೆನ್ನಾಗಿದೆ" ಎಂದರೆ ಸಾಕು, ಯಂತ್ರ ಗಾಡಿಗಳಿಗೆ. ಆಡದೆಯೇ ಹಾಗೆನ್ನಬಹುದಿತ್ತು. ಆದರೆ ತೆರಿಗೆಯವರ ಹತ್ತಿರ, ಬ್ಯಾಂಕಿನವರ ಹತ್ತಿರ ಎಷ್ಟು ಸುಳ್ಳು ಹೇಳಿದ್ದರೂ ಆಟಿಕೆಯ ವಿಷಯದಲ್ಲಿ ಅವನು ಒಂದು ದಿನವೂ ಸುಳ್ಳು ಹೇಳಿದವನಲ್ಲ. ಅದಕ್ಕಿಂತ ಹೆಚ್ಚಾಗಿ, ಒಮ್ಮೆಯಾದರೂ ಅದನ್ನು ಯಾರೊಡನೆಯಾದರೂ ಆಡಬೇಕು ಎಂದು ಅವನಿಗೆ ಆಸೆಯಾಗಿತ್ತು.

"ನಡೆಸಿ" ಎಂದ.

ಯಜಮಾನ ಒಂದು ಕೆಂಪು ಗಾಡಿ ಮುಂದಿಟ್ಟ. ಮ್ಯಾನೇಜರನ ಹಸಿರು ಗಾಡಿ ತಕ್ಷಣ ಸಂದಿಗೆ ಹೊಕ್ಕಿತು. ಇನ್ನೊಂದು ಮುಂದಿಟ್ಟ. ಇನ್ನೊಂದು ಸಂದಿಗೆ ಹೊಕ್ಕಿತು. ಒಂದು ಲೋಟ ಟೀ ಆರುವಷ್ಟರಲ್ಲಿ ನಾಲ್ಕೂ ಕೆಂಪು ಗಾಡಿಗಳು ದಡ ಸೇರಿದವು.

"ಅಲ್ರೀ, ನೀವು ಒಂದ್ಸಲವೂ ಅಡ್ಡ ನಿಲ್ಲಲೇ ಇಲ್ವಲ್ಲ!"

"ಆಟದ ಹೆಸರೇ ದಾರಿ ಬಿಡಿ ಅಂತ ಇದೆಯಲ್ಲ ಸಾರ್" ಎಂದು ಮ್ಯಾನೇಜರ್ ಎದ್ದು ನಿಂತ. "ಬಿಟ್ಟೆ. ಎಂಥಾ ಆಟ ಸಾರ್! ನೀವಂತೂ ಹುಲಿ!"

ಹುಲಿ ಹಲಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಕೋಣೆಯಿಂದ ಹೊರಬಿತ್ತು.

ನೌಕರರು ಬಿಟ್ಟುಕೊಡುತ್ತಾರೆ, ಸಹಜ. ಮನೆಯವರಿಗೇನು ಧಾಡಿ? ಹೀಗೆಂದುಕೊಂಡು ಮೊದಲು ಭಾವನ ಹತ್ತಿರ ಹೋದ. ಅಕ್ಕನ ಗಂಡ, ಮಾರಾಟದ ಮುಖ್ಯಸ್ಥ. ಬಾಲವಿಲ್ಲದ ಕುದುರೆಯನ್ನೂ ಕರಡಿಮರಿ ಎಂದು ಮಾರಬಲ್ಲವನು. ಹಲಗೆ ಕಣ್ಣಿಗೆ ಬಿದ್ದದ್ದೇ ಭಾವ ಫೋನನ್ನು ಕಿವಿಗೆ ಒತ್ತಿಕೊಂಡು, "ಹಲೋ, ಹೇಳಿ ಹೇಳಿ, ಕೇಳಿಸ್ತಾ ಇದೆ" ಎಂದ. ಫೋನು ತಲೆಕೆಳಗಾಗಿತ್ತು.

"ಭಾವ, ಒಂದೇ ಒಂದು ಆಟ."

"ಅಯ್ಯೋ, ನಿಮ್ಮ ಜೊತೆ ನಾನಾ!" ಭಾವ ಫೋನನ್ನೂ ಮರೆತು ಒಂದು ಗಾಡಿ ಸರಿಸಿದ. ಹಿಂದಕ್ಕೆ. ಮತ್ತೂ ಹಿಂದಕ್ಕೆ. ಗಾಡಿ ಹಲಗೆಯ ಅಂಚು ದಾಟಿ ನೆಲಕ್ಕೆ ಬಿತ್ತು. "ಹೋಯ್ತು! ನನ್ನ ಗಾಡಿ ಬಿದ್ದೇ ಹೋಯ್ತು! ಸೋತೆನಪ್ಪ. ನಿಮ್ಮನ್ನ ಗೆಲ್ಲೋರು ಯಾರಿದ್ದಾರೆ!" ಎಂದು ಬಿದ್ದ ಗಾಡಿ ಎತ್ತಿ ಕೈಗೆ ಕೊಟ್ಟು, ಫೋನನ್ನು ಈ ಸಲ ನೆಟ್ಟಗೆ ಹಿಡಿದು, ಮೆಟ್ಟಿಲು ಇಳಿದುಬಿಟ್ಟ.

ಅತ್ತೆ ಕ್ಯಾಷ್ ಕೋಣೆಯಲ್ಲಿದ್ದಳು. ಅಪ್ಪನ ಅಕ್ಕ, ಕಂಪನಿಯ ಬೀಗದ ಕೈಗಳೆಲ್ಲ ಅವಳ ಸೊಂಟದಲ್ಲಿದ್ದವು. ಕಿಟಕಿಯ ಬೆಳಕಿಗೆ ಹಿಡಿದು ಸೂಜಿಗೆ ದಾರ ಪೋಣಿಸುತ್ತಿದ್ದಳು. ಹಲಗೆ ಕಂಡದ್ದೇ ಸೂಜಿ ಮಡಿಲಿಗೆ ಬಿತ್ತು.

"ನನಗೆ ಕಣ್ಣೇ ಕಾಣಲ್ಲಪ್ಪ. ಯಾವುದು ಕೆಂಪು, ಯಾವುದು ಹಸಿರು?"

"ಈಗ ತಾನೆ ದಾರ ಪೋಣಿಸ್ತಿದ್ರಲ್ಲ ಅತ್ತೆ?"

"ಅಂದಾಜಿನ ಮೇಲೆ. ನೀವು ಹೋಗಿ, ದೊಡ್ಡೋರು, ನಿಮ್ಮ ಹೊತ್ತು ಹಾಳಾಗುತ್ತೆ."

ನೀವು! ಅವನು ಕುರ್ಚಿಯಲ್ಲಿ ಕೂರುವ ಮೊದಲು ಇದೇ ಅತ್ತೆ "ಲೋ ಪುಟ್ಟ, ಬಾರೋ, ತಿನ್ನೋ" ಎನ್ನುತ್ತಿದ್ದಳು. ಕೂತ ಮಾರನೇ ದಿನದಿಂದ ಎಲ್ಲರ ಬಾಯಲ್ಲೂ 'ನೀವು'. ಕ್ಯಾಂಟೀನಿಗೆ ಅವನು ಕಾಲಿಟ್ಟರೆ, ನಲ್ಲಿ ತಿರುಗಿಸಿದ ಹಾಗೆ ಮಾತು ನಿಲ್ಲುತ್ತಿತ್ತು.

ಉಳಿದವನು ದೊಡ್ಡಪ್ಪ, ಹಿಂದಿನ ಯಜಮಾನ. ಕುರ್ಚಿಯಲ್ಲಿದ್ದಾಗ ಒಣಗಿದ ಬೆಂಡೆಕಾಯಿಯಂತಿದ್ದವನು ಬಿಟ್ಟ ಮೇಲೆ ಕುಂಬಳಕಾಯಿಯಂತೆ ದುಂಡಗಾಗಿದ್ದ. ದಿನವಿಡೀ ಎದುರು ಬೀದಿಯ ಕ್ಷೌರದಂಗಡಿಯಲ್ಲಿ ಇಸ್ಪೀಟು. ಅವನ ನಗು ಒಮ್ಮೊಮ್ಮೆ ಯಂತ್ರಗಳ ಸದ್ದನ್ನೂ ಸೀಳಿಕೊಂಡು ಯಜಮಾನನ ಕೋಣೆಯವರೆಗೆ ಬರುತ್ತಿತ್ತು.

ಯಜಮಾನನಿಗೆ ದೊಡ್ಡಪ್ಪನೆಂದರೆ ವಿಶೇಷ ಪ್ರೀತಿ. ಅವನು ಬೆಳೆದದ್ದು ದೂರದಲ್ಲಿ, ಅಮ್ಮನ ತವರಿನಲ್ಲಿ; ಇಲ್ಲಿಗೆ ರಜೆಯಲ್ಲಿ ಬಂದು ಹೋಗುತ್ತಿದ್ದ, ಅಷ್ಟೇ. ಓದು ಮುಗಿಸಿ ಇಲ್ಲಿಗೆ ಬಂದ ದಿನವೇ ದೊಡ್ಡಪ್ಪ ಗೇಟಿನಲ್ಲಿ ತಡೆದು, ಕೈಗೊಂದು ಹೊಸ ನಮೂನೆಯ ಬುಗುರಿ ಕೊಟ್ಟು, "ಬಾ, ಆಡೋಣ" ಎಂದಿದ್ದ. ಇವನ ಬುಗುರಿ ಕೊನೆಯವರೆಗೆ ನಿಂತಿತು. ದೊಡ್ಡಪ್ಪ ಇವನನ್ನು ತಬ್ಬಿಕೊಂಡು, ಎತ್ತಿಕೊಂಡು ಕುಣಿದು, ಭುಜದ ಮೇಲೆ ತಲೆಯಿಟ್ಟು ಅತ್ತುಬಿಟ್ಟಿದ್ದ. ಮಾರನೇ ದಿನ ಕುರ್ಚಿ ಇವನದಾಯಿತು. ಇಷ್ಟು ಪ್ರೀತಿಯಿಂದ ಇವನನ್ನು ಅದಕ್ಕೆ ಮೊದಲೂ ಯಾರೂ ತಬ್ಬಿಕೊಂಡಿರಲಿಲ್ಲ, ಆಮೇಲೂ ಇಲ್ಲ. ರಾತ್ರಿ ನಿದ್ದೆ ಬಾರದಿದ್ದಾಗ ಅವನು ಆ ಅಪ್ಪುಗೆಯನ್ನು ನೆನೆಸಿಕೊಳ್ಳುತ್ತಿದ್ದ.

ಹಲಗೆ ಹಿಡಿದು ರಸ್ತೆ ದಾಟಿದ. ಕ್ಷೌರದ ಕನ್ನಡಿಯಲ್ಲಿ ಇವನನ್ನು ಕಂಡ ದೊಡ್ಡಪ್ಪ ಇಸ್ಪೀಟೆಲೆ ಚೆಲ್ಲಿ, ಬಿಳಿ ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡ.

"ದೊಡ್ಡಪ್ಪ, ಅದು ನೀವೇ ಅಂತ ಗೊತ್ತು."

"ನಾನಿಲ್ಲ" ಎಂದಿತು ಬಟ್ಟೆ.

"ಒಂದು ಆಟ ಆಡಿ ಸಾಕು."

"ಈ ಬೀದೀಲಿ ಯಾರ ಜೊತೆ ಬೇಕಾದ್ರೂ ಆಡ್ತೀನಿ. ನಿಮ್ಮ ಜೊತೆ ಆಗಲ್ಲ. ಕೈ ನೋವು."

"ಈಗ ಎಲೆ ಹಂಚ್ತಿದ್ರಲ್ಲ?"

"ಅದು ಬೇರೆ ಕೈ."

ಕ್ಷೌರಿಕ ಪಾಪ ಎನ್ನುವ ಹಾಗೆ ಯಜಮಾನನನ್ನು ನೋಡಿ, "ನಾನ್ ಬೇಕಾದ್ರೆ ಆಡ್ತೀನಿ ಸಾರ್, ಆದ್ರೆ ಈ ಅಂಗಡಿ ಬಾಡಿಗೆ ತಗೊಳ್ಳೋದು ನಿಮ್ಮ ಕಂಪನಿ. ನಾನೇ ಸೋಲ್ತೀನಿ, ಈಗ್ಲೇ ಹೇಳಿದ್ದೀನಿ" ಎಂದ.

ಯಜಮಾನ ಬಿಸಿಲಲ್ಲಿ ವಾಪಸು ಬಂದ. ಆಟಿಕೆ ಕಂಪನಿಯ ಯಜಮಾನ, ಗೋದಾಮಿನಲ್ಲಿ ಲಾರಿಗಟ್ಟಲೆ ಆಟಿಕೆ. ಅವನ ಜೊತೆ ಆಡುವವರು ಇಲ್ಲ. ಮಿಠಾಯಿ ಅಂಗಡಿಯವನಿಗೆ ಬಾಯಿ ಹೊಲಿದ ಹಾಗಾಯಿತು.

ಗೇಟಿನಲ್ಲಿ ಜಗಳ ನಡೆಯುತ್ತಿತ್ತು. ಕಾವಲುಗಾರನ ಎದುರು ದೂರಿನಜ್ಜಿ ನಿಂತಿದ್ದಳು. ಕಾರ್ಖಾನೆಯಲ್ಲಿ ಎಲ್ಲರೂ ಅವಳಿಗೆ ಇಟ್ಟ ಹೆಸರು ಅದು. ಆಗಾಗ ಒಂದು ತಗಡಿನ ರೈಲು ಇಂಜಿನ್ನನ್ನು ಚೀಲದಲ್ಲಿ ಹಾಕಿಕೊಂಡು ಬಂದು, ಚಕ್ರ ಬಿತ್ತೆಂದು ಜಗಳವಾಡಿ, ಹಾಕಿಸಿಕೊಂಡು ಹೋಗುತ್ತಿದ್ದಳು. ಚಕ್ರ ಮತ್ತೆ ಬೀಳುತ್ತಿತ್ತು.

"ಯಾರೋ ಇಲ್ಲಿ ಯಜಮಾನ? ಕರಿಯೋ ಅವನನ್ನ!"

"ನಾನೇ ಅಜ್ಜಿ."

"ನೀನಾ? ಚಕ್ರ ಹಾಕೋಕೆ ಬರದೆ ರೈಲು ಮಾರ್ತೀಯಲ್ಲೋ, ನಾಚಿಕೆ ಆಗಲ್ವಾ ನಿನಗೆ?"

ಕಾವಲುಗಾರ ಕಣ್ಣು ಮುಚ್ಚಿಕೊಂಡ. ಆದರೆ ಯಜಮಾನನ ಮೈಯಲ್ಲಿ ಏನೋ ಬೆಚ್ಚಗೆ ಹರಿದಾಡಿತು. 'ನೀನು', 'ಲೋ' ಎಲ್ಲ ಒಂದೇ ಉಸಿರಿನಲ್ಲಿ! ಎಷ್ಟೋ ದಿನ ಮುಚ್ಚಿದ್ದ ಕೋಣೆಯ ಕಿಟಕಿ ತೆಗೆದಂತಾಯಿತು.

"ಆಗುತ್ತೆ ಅಜ್ಜಿ. ಮೇಲೆ ಬನ್ನಿ. ಮೊಮ್ಮಗನದಾ ಇಂಜಿನ್ನು?"

"ಮೊಮ್ಮಗ ಎಲ್ಲಿಂದ ಬಂದ? ನಂದೇ. ನಾನೇ ಆಡೋದು. ಯಾಕೆ, ಡಬ್ಬದ ಮೇಲೆ ವಯಸ್ಸು ಬರ್ದಿದ್ದೀಯಾ?"

ಕೋಣೆಗೆ ಬಂದವಳು ಅತ್ತಿತ್ತ ನೋಡದೆ ನೇರ ಹೋಗಿ ಕಪ್ಪು ಕುರ್ಚಿಯಲ್ಲಿ ಕೂತಳು. ಯಜಮಾನನಿಗೆ ಸ್ಟೂಲು ಉಳಿಯಿತು. ಆ ಕಡೆ ಕೂತು ತನ್ನ ಕೋಣೆಯನ್ನು ಅವನು ಎಂದೂ ನೋಡಿರಲಿಲ್ಲ; ಕಿಟಕಿಯಾಚೆ ಒಂದು ಮರವಿದೆ ಎಂದು ಆಗಲೇ ಗೊತ್ತಾಯಿತು. ಇಂಜಿನ್ನನ್ನು ಪಕ್ಕಕ್ಕಿಟ್ಟು, ಹಲಗೆ ನಡುವೆ ಇಟ್ಟು, ಆಟ ಹೇಳಿಕೊಟ್ಟ.

ಮೊದಲ ಓಣಿಯಲ್ಲೇ ಎರಡು ಗಾಡಿ ಎದುರಾದವು. ಯಜಮಾನ ಕಾದ.

"ಏನ್ ನೋಡ್ತೀಯಾ? ತೆಗಿ ನಿನ್ನ ಗಾಡಿ" ಎಂದಳು ಅಜ್ಜಿ.

"ನೀವೇ ತೆಗೀಬಹುದಲ್ಲ?"

"ನಾನ್ಯಾಕೆ ತೆಗೀಲಿ? ನಾನು ಮೊದಲು ಬಂದೆ. ಸಂಜೆವರೆಗೂ ಇಲ್ಲೇ ಕೂತಿರ್ತೀನಿ. ನನಗೇನು ಕೆಲಸ?"

ಅವಳು ತೆಗೆಯಲಿಲ್ಲ. ಬೇರೆ ಗಾಡಿಗಳನ್ನು ಅಲ್ಲಾಡಿಸುತ್ತ, ಅವನಿಗೆ ಬೇರೆ ದಾರಿಯೇ ಇಲ್ಲದಂತೆ ಮಾಡಿ, ಕೊನೆಗೆ ಅವನೇ ಹಿಂದೆ ಸರಿಯುವಂತೆ ಮಾಡಿದಳು. ಸರಿದಾಗ, "ಹಾಂ, ಬಾ ದಾರಿಗೆ" ಎಂದು ಮೇಜು ಕುಟ್ಟಿದಳು. ಅವನು ಬೆವರಿದ. ಕುತಂತ್ರ ಹೂಡಿದ. ಅವಳು ಅದಕ್ಕೂ ಮೇಲಿನದನ್ನು ಹೂಡಿದಳು. ಕೊನೆಯ ಹಸಿರು ಗಾಡಿ ಈಚೆ ತುದಿ ಮುಟ್ಟಿದಾಗ ಅವನ ಎರಡು ಗಾಡಿಗಳು ಇನ್ನೂ ಓಣಿಯಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದವು.

"ಸೋತ್ಯಲ್ಲೋ! ನಿನ್ನ ಆಟದಲ್ಲಿ ನೀನೇ ಸೋತ್ಯಲ್ಲೋ!" ಅಜ್ಜಿ ಕೇಕೆ ಹಾಕಿದಳು. ಹೊರಗೆ ಮ್ಯಾನೇಜರ್ ಬಾಗಿಲಿಗೆ ಕಿವಿ ಹಚ್ಚಿದ್ದವನು ಬೆಚ್ಚಿ ತಲೆ ಚಚ್ಚಿಕೊಂಡ ಸದ್ದು ಕೇಳಿಸಿತು.

ಯಜಮಾನ ನಗುತ್ತಿದ್ದ. ಕಣ್ಣಲ್ಲಿ ನೀರು ಬರುವಷ್ಟು.

"ಇನ್ನೊಂದು ಆಟ ಅಜ್ಜಿ?"

"ಇವತ್ತಿಗೆ ಸಾಕು. ಇಂಜಿನ್ನು ರಿಪೇರಿ ಮಾಡಿ ಮನೆಗೆ ಕಳ್ಸು. ಮತ್ತೆ ಚಕ್ರ ಬಿದ್ದಾಗ ಬರ್ತೀನಿ." ಬಾಗಿಲಲ್ಲಿ ತಿರುಗಿ ನಿಂತು ಹೇಳಿದಳು, "ನಿಮ್ಮ ಕಂಪನಿ ಚಕ್ರ ತಾನೆ, ಬಹಳ ದಿನ ಕಾಯ್ಬೇಕಾಗಲ್ಲ."

ಸಭೆಗೆ ಅವನು, ರಿಪೇರಿಗೆ ಕೊಡಬೇಕಾದ ಇಂಜಿನ್ನೂ ಕೈಯಲ್ಲೇ ಇದ್ದ ಹಾಗೆ, ಹೆಚ್ಚುಕಡಿಮೆ ಓಡಿಯೇ ಬಂದ. ಉದ್ದನೆಯ ಮೇಜಿನ ಸುತ್ತ ಅತ್ತೆ, ಭಾವ, ತಮ್ಮ ಕೂತಿದ್ದರು. ದೊಡ್ಡಪ್ಪ ಸಭೆಯ ಬಿಸ್ಕತ್ತಿಗೆಂದು ತಪ್ಪದೆ ಬರುತ್ತಿದ್ದವನು, ಅವನೂ ಇದ್ದ. ತಮ್ಮನ ಮುಂದೆ ಹಳದಿ ಬಾತುಕೋಳಿ.

"ಆಡಿದೆ!" ಎಂದ ಯಜಮಾನ, ಹಲಗೆ ಮೇಜಿನ ಮೇಲಿಟ್ಟು. "ಬಹಳ ಚೆನ್ನಾಗಿದೆ. ನಾನು ಸೋತೆ!"

ದೊಡ್ಡಪ್ಪನ ಬಿಸ್ಕತ್ತು ಟೀಯೊಳಗೆ ಮುರಿದು ಮುಳುಗಿತು.

"ನಾನಲ್ಲ!" ಎಂದು ಭಾವ ಎದ್ದು ನಿಂತ. "ನನ್ನ ಗಾಡಿ ಬಿದ್ದೇ ಹೋಯ್ತು, ನೀವೇ ನೋಡಿದ್ರಿ!"

"ನನಗೆ ಕಣ್ಣೇ ಕಾಣಲ್ಲ" ಎಂದಳು ಅತ್ತೆ.

"ನಾನು ಬೆಳಿಗ್ಗೆಯಿಂದ ಇಲ್ಲಿರಲೇ ಇಲ್ಲ" ಎಂದ ತಮ್ಮ. ಗಾಬರಿಯಲ್ಲಿ ಅವನ ಮೊಣಕೈ ತಾಗಿ ಬಾತುಕೋಳಿ ಜೀವ ಹೋಗುವಂತೆ ಕಿರುಚಿತು.

"ಯಾರ ಕೈಲಿ ಸೋತ್ರಿ?" ಎಂದ ದೊಡ್ಡಪ್ಪ.

"ದೂರಿನಜ್ಜಿ ಕೈಲಿ. ಯಾಕೆ?"

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಮೇಜಿನ ಮೇಲಿನ ಕಾಗದಗಳು ಹಾರಿದವು. "ಹೊರಗಿನವಳು! ಲೆಕ್ಕಕ್ಕಿಲ್ಲ" ಎಂದಳು ಅತ್ತೆ. "ಮನೆಯವರ ಕೈಲಿ ಸೋತ್ರೆ ಮಾತ್ರ ಕುರ್ಚಿ ಹೋಗೋದು."

"ಯಾವ ಕುರ್ಚಿ? ಎಲ್ಲಿಗೆ ಹೋಗೋದು?"

ಈಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಇವ್ರಿಗೆ ಯಾರೂ ಹೇಳೇ ಇಲ್ವಾ?" ಎಂದ ಭಾವ ಮೆಲ್ಲಗೆ.

"ನೀವು ಹೇಳಿರ್ತೀರಿ ಅಂದ್ಕೊಂಡಿದ್ದೆ" ಎಂದಳು ಅತ್ತೆ, ದೊಡ್ಡಪ್ಪನ ಕಡೆ ತಿರುಗಿ.

"ನಾನ್ಯಾಕೆ ಹೇಳ್ಲಿ? ಹೇಳಿದ್ರೆ ಅವತ್ತು ಬುಗುರಿ ಆಡ್ತಿದ್ನಾ ಅವನು?" ದೊಡ್ಡಪ್ಪ ಹೊಸ ಬಿಸ್ಕತ್ತು ತೆಗೆದುಕೊಂಡು, ಯಜಮಾನನನ್ನು ನೋಡದೆ ಹೇಳಿದ. "ತಾತ ಮಾಡಿದ ಕಟ್ಟಳೆ. ಈ ಕುರ್ಚೀನ ಬಿಟ್ಟು ಹೋಗೋ ಹಾಗಿಲ್ಲ, ಸೋತು ಹೋಗಬಹುದು ಅಷ್ಟೇ. ಹೊಸ ಆಟದಲ್ಲಿ ಯಜಮಾನನ್ನ ಮನೆಯವ್ರು ಯಾರು ಸೋಲಿಸ್ತಾರೋ ಕುರ್ಚಿ ಅವ್ರಿಗೆ. ಎಲ್ಲರೂ ಗೆಲ್ಲೋಕೆ ಮುಗಿಬೀಳ್ತಾರೆ, ಕಂಪನಿ ಬೆಳೆಯುತ್ತೆ ಅಂತ ಅವನ ಲೆಕ್ಕ. ಕುರ್ಚೀಲಿ ಕೂತವನ ಮುಖ ನೋಡಿದ್ಮೇಲೆ ಯಾರು ಮುಗಿಬೀಳ್ತಾರೆ? ನಾನು ಸೋಲೋಕೆ ಎಷ್ಟು ಒದ್ದಾಡ್ದೆ ಗೊತ್ತಾ? ನಾನು ಸೋಲೋದ್ರೊಳಗೆ ಇವ್ರೆಲ್ಲ ಸೋತುಬಿಡ್ತಿದ್ರು. ಅಷ್ಟರಲ್ಲಿ ದೇವರು ಕಳಿಸಿದ ಹಾಗೆ ನೀವು ಬಂದ್ರಿ."

ಯಜಮಾನ ನಿಂತೇ ಇದ್ದ. ಆ ಅಪ್ಪುಗೆ, ಆ ಕುಣಿತ, ಭುಜದ ಮೇಲಿನ ಆ ಬಿಸಿ ಕಣ್ಣೀರು. ಅದು ಜೈಲಿನಿಂದ ಬಿಡುಗಡೆಯಾದವನು ಗೇಟಿನಲ್ಲಿ ಮೊದಲು ಸಿಕ್ಕವನನ್ನು ತಬ್ಬಿಕೊಂಡದ್ದು. ಇಷ್ಟೂ ರಾತ್ರಿಗಳಲ್ಲಿ ಅವನು ಹೊದ್ದು ಮಲಗಿದ ಹೊದಿಕೆ ಬೇರೆಯವರದ್ದಾಗಿತ್ತು.

ಆದರೆ ಮರುಕ್ಷಣವೇ ಇನ್ನೊಂದು ಹೊಳೆಯಿತು. ಹಾಗಾದರೆ ಈ ಕುರ್ಚಿಗೊಂದು ಬಾಗಿಲಿದೆ! ಒಂದು ಸೋಲು, ಅಷ್ಟೇ. ಆಮೇಲೆ ಕ್ಯಾಂಟೀನಿನಲ್ಲಿ ಮಾತು ನಿಲ್ಲುವುದಿಲ್ಲ. ಅತ್ತೆ "ಲೋ ಪುಟ್ಟ" ಎನ್ನುತ್ತಾಳೆ. ಕ್ಷೌರದಂಗಡಿಯಲ್ಲಿ ಒಂದು ಕೈ ಇಸ್ಪೀಟು.

"ಹೊರಗಿನವಳ ಆಟ ಲೆಕ್ಕಕ್ಕಿಲ್ಲ ಅಂದ್ರೆ ನಾನಿನ್ನೂ ಆಡಿಲ್ಲ ಅಂತ ಆಯ್ತು" ಎಂದ. "ಯಾರಾದ್ರೂ ಎದುರು ಕೂತ್ಕೊಳ್ಳಿ. ಬಿದ್ದು ಹೋಗೋದು, ಕಣ್ಣು ಕಾಣದಿರೋದು ನಡೆಯಲ್ಲ. ಕೊನೆವರೆಗೂ ಆಡ್ಬೇಕು. ಇಲ್ಲಾಂದ್ರೆ ಬಾತುಕೋಳೀನೂ ನಾನು ಮುಟ್ಟಲ್ಲ. ನಾನು ಮುಟ್ಟದಿದ್ದ ಆಟಿಕೆ ಗೇಟು ದಾಟಲ್ಲ. ಈ ಸೀಸನ್ನಲ್ಲಿ ಎಲ್ಲರೂ ಸೇರಿ ಖಾಲಿ ಡಬ್ಬ ಮಾರಿ."

ಭಾವ ತಮ್ಮನನ್ನು ನೋಡಿದ. ಅತ್ತೆ ತಮ್ಮನನ್ನು ನೋಡಿದಳು. ದೊಡ್ಡಪ್ಪ ತಮ್ಮನ ಬೆನ್ನಿಗೆ ಕೈ ಹಾಕಿ ಮುಂದೆ ತಳ್ಳಿದ. "ಬಾತುಕೋಳಿ ನಿಂದು ತಾನೆ? ಹೋಗು."

"ಇರಿ" ಎಂದಳು ಅತ್ತೆ. ಅವಳಿಗೆ ಇನ್ನೊಂದು ಚಿಂತೆ ಹತ್ತಿತ್ತು. "ಆ ಅಜ್ಜಿ ಇನ್ನೊಂದ್ಸಲ ಗೇಟು ದಾಟಬಾರದು. ಇವತ್ತು ಯಜಮಾನ್ರನ್ನ ಸೋಲಿಸಿದ್ದಾಳೆ, ನಾಳೆ ಸೊಂಟದ ಬೀಗದ ಕೈ ಕೇಳ್ತಾಳೆ. ಅಳಿಯಂದ್ರೇ, ನೀವು ಆ ಇಂಜಿನ್ನು ತಗೊಂಡು ಕೆಳಗೆ ಹೋಗಿ. ಈ ಜನ್ಮದಲ್ಲಿ ಚಕ್ರ ಬೀಳದ ಹಾಗೆ ಮಾಡಿಸ್ಕೊಂಡು ಬನ್ನಿ." ಆಟದಿಂದ ಪಾರಾದ ಖುಷಿಯಲ್ಲಿ ಭಾವ ಇಂಜಿನ್ನು ಕಸಿದುಕೊಂಡು ಓಡಿದ.

ಆಟ ಶುರುವಾಯಿತು.

ಯಜಮಾನ ಒಂದು ಗಾಡಿ ಮುಂದಿಟ್ಟ. ತಮ್ಮ ಒಂದು ಮುಂದಿಟ್ಟ. ಎರಡೂ ಎದುರಾದವು. ಇಬ್ಬರೂ ಹಿಂದೆ ಸರಿದರು.

"ನೀವು ಹೋಗಿ ಅಣ್ಣ."

"ಛೆ, ನೀನು ಹೋಗು."

"ದೊಡ್ಡೋರು, ನೀವ್ ಮೊದಲು."

"ಚಿಕ್ಕೋನು, ನಿನಗೆ ಅರ್ಜೆಂಟಿರುತ್ತೆ."

ಹೀಗೆ ಎರಡು ಗಾಡಿಗಳು ಎರಡು ಸಂದಿಗಳಲ್ಲಿ ನಿಂತು, ಮದುವೆ ಮನೆಯ ಬಾಗಿಲಲ್ಲಿ ಬೀಗರು ನಿಂತ ಹಾಗೆ, ಒಬ್ಬರಿಗೊಬ್ಬರು ದಾರಿ ಬಿಟ್ಟವು. ಸ್ವಲ್ಪ ಹೊತ್ತಿನಲ್ಲೇ ಇಬ್ಬರಿಗೂ ತಿಳಿಯಿತು: ಸೋಲುವುದು ಸುಲಭವಲ್ಲ. ಎದುರಾಳಿಯ ಗಾಡಿ ಹಿಂದೆ ಸರಿಯಬಾರದು ಎಂದರೆ ಅದರ ಹಿಂದೆ ಹೋಗಿ ಅಡ್ಡ ನಿಲ್ಲಬೇಕು. ಹಿಂದೆ ಹೋಗಿ ನಿಂತರೆ ತನ್ನ ಗಾಡಿ ಗೆಲುವಿಗೆ ಹತ್ತಿರವಾಗುತ್ತದೆ. ಹತ್ತಿರವಾಗಬೇಕು, ಮುಟ್ಟಬಾರದು. ತಮ್ಮನ ಹಣೆಯಲ್ಲಿ ಬೆವರು ಮೂಡಿತು. ಅತ್ತೆ ಕಾಣದ ಕಣ್ಣಿನಲ್ಲಿ ದೂರದಿಂದಲೇ ಪ್ರತಿ ಗಾಡಿಯನ್ನೂ ನೋಡುತ್ತಿದ್ದಳು.

"ಲೇ ಅಣ್ಣ, ಮೋಸ! ನನ್ನ ಹಿಂದೆ ಬಂದು ನಿಂತ್ಕೊಂಡ್ಯಲ್ಲೋ!"

"ನೀನೇನು ಕಮ್ಮಿನಾ? ಆ ಸಂದಿ ಮುಚ್ಚಿದ್ದು ಯಾರು?"

"ಮುಚ್ತೀನಿ, ಏನ್ ಮಾಡ್ತೀಯಾ?"

"ಪುಟ್ಟ, ಎಡಗಡೆ ನೋಡೋ, ಎಡಗಡೆ!" ಎಂದಳು ಅತ್ತೆ, ತನ್ನನ್ನು ತಾನು ಮರೆತು.

"ನೀ ಸುಮ್ನಿರಮ್ಮ, ಅವನು ಆಡ್ಲಿ!" ಎಂದ ದೊಡ್ಡಪ್ಪ. ಅವನು ಕುರ್ಚಿಯ ಮೇಲೆ ಮೊಣಕಾಲೂರಿ ಹಲಗೆಯ ಮೇಲೆ ಬಾಗಿದ್ದ.

ಟೀ ಆರಿತು. ಹೊರಗೆ ಸೈರನ್ ಕೂಗಿ ಕೆಲಸಗಾರರು ಮನೆಗೆ ಹೋದರು. ಯಾರೂ ಏಳಲಿಲ್ಲ. ಯಜಮಾನ ನಗುತ್ತಿದ್ದ, ಬೈಯುತ್ತಿದ್ದ, ಬೈಸಿಕೊಳ್ಳುತ್ತಿದ್ದ. ಅವನಿಗೆ ಕುರ್ಚಿ ಮರೆತುಹೋಗಿತ್ತು. ಹಲಗೆಯನ್ನೇ ನೋಡುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಒಂದು ನಡೆ ಕಂಡಿತು. ಮೂಲೆಯ ಸಂದಿಯಲ್ಲಿದ್ದ ತನ್ನ ಗಾಡಿಯನ್ನು ಒಂದೇ ಒಂದು ಮನೆ ಈಚೆಗೆ ಎಳೆದರೆ ಹಲಗೆಯ ಅಷ್ಟೂ ಓಣಿಗಳು ಬೀಗ ತೆಗೆದ ಬಾಗಿಲುಗಳಂತೆ ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ. ಆಟ ಕಟ್ಟುವಾಗ ಅವನಿಗೇ ಹೊಳೆಯದಿದ್ದ ನಡೆ. ಅಷ್ಟು ಚೆಂದದ ನಡೆಯನ್ನು ಕಂಡೂ ನಡೆಸದೆ ಬಿಡುವುದು, ಅದನ್ನು ಕಟ್ಟಿದವನ ಕೈಯಲ್ಲಿ ಆಗುವ ಮಾತಲ್ಲ.

ಕೈ ತಾನಾಗಿಯೇ ಹೋಯಿತು. ಗಾಡಿ ಸರಿಯಿತು.

"ಆಹಾ!" ಎಂದರು ಎಲ್ಲರೂ, ನಿಜವಾದ ಸಂತೋಷದಿಂದ.

ತಮ್ಮನಿಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಯಜಮಾನನಿಗೂ ಏನೂ ಉಳಿದಿರಲಿಲ್ಲ. ಹಿಂದೆ ಸರಿಯುವ ದಾರಿಗಳನ್ನೆಲ್ಲ ತಮ್ಮನ ಗಾಡಿಗಳೇ ಮುಚ್ಚಿದ್ದವು. ಸರದಿ ಬಂದಾಗ ಮುಂದೆ ಸರಿಸಲೇಬೇಕು. ಒಂದು, ಇನ್ನೊಂದು, ಮತ್ತೊಂದು. ಕೊನೆಯ ಕೆಂಪು ಗಾಡಿ ಎದುರು ತುದಿ ಮುಟ್ಟಿ ಟಕ್ಕೆಂದಿತು.

ತಮ್ಮ ಎದ್ದು, ಅಂಗಿ ಸರಿಮಾಡಿಕೊಂಡು, ಕೈ ಮುಗಿದ. "ನೀವು ಗೆದ್ರಿ ಯಜಮಾನ್ರೇ."

"ನಿಮ್ಮ ಬುದ್ಧಿಯೇ ಬುದ್ಧಿ" ಎಂದಳು ಅತ್ತೆ.

ದೊಡ್ಡಪ್ಪ ಚಪ್ಪಾಳೆ ತಟ್ಟಿದ. ಆಗ ಭಾವ ಇಂಜಿನ್ನು ಹಿಡಿದು ಬಂದ. ಏನಾಯಿತೆಂದು ಕೇಳದೆ ಅವನೂ ತಟ್ಟಿದ. ಯಂತ್ರ ಗಾಡಿಗಳಿಗೆ ಎಂದು ತೀರ್ಮಾನವಾಯಿತು. ಬಿಸ್ಕತ್ತಿನ ತಟ್ಟೆ ಖಾಲಿಯಾಯಿತು. ಕೋಣೆಯೂ.

ಮ್ಯಾನೇಜರ್ ಮೇಲೆ ಹೋಗಿ ಸ್ಟೂಲನ್ನು ಪ್ಯಾಕಿಂಗಿಗೆ ವಾಪಸು ಕಳಿಸಿದ. ಇಂಜಿನ್ನನ್ನು ಯಜಮಾನನ ಮೇಜಿನ ಮೇಲಿಟ್ಟು, "ತಾವೊಂದ್ಸಲ ಆಡಿ ನೋಡಿದ್ರೆ ಅಜ್ಜಿ ಮನೆಗೆ ವ್ಯಾನಲ್ಲಿ ಕಳಿಸ್ತೀವಿ ಸಾರ್. ಡ್ರೈವರ್ ಕಾಯ್ತಿದ್ದಾನೆ" ಎಂದು ಹೊರಗೆ ನಿಂತ.

ಯಜಮಾನ ಕಪ್ಪು ಕುರ್ಚಿಯಲ್ಲಿ ಕೂತ. ಇಲ್ಲಿಂದ ಆ ಮರ ಕಾಣುವುದಿಲ್ಲ. ಸ್ವಲ್ಪ ಹೊತ್ತು ಇಂಜಿನ್ನನ್ನು ನೋಡಿದ. ಆಮೇಲೆ ಬಾಗಿಲ ಕಡೆ ಕಣ್ಣು ಹಾಯಿಸಿ, ಅದನ್ನು ಮಡಿಲಿಗೆ ಎಳೆದುಕೊಂಡು, ಚಕ್ರದ ನಟ್ಟನ್ನು ಉಗುರಿನಿಂದ ಅರ್ಧ ಸುತ್ತು ಸಡಿಲಿಸಲು ನೋಡಿದ.

ತಿರುಗಲಿಲ್ಲ. ನಾಣ್ಯ ಹಚ್ಚಿದ. ಕತ್ತರಿಯ ತುದಿ ಹಚ್ಚಿದ. ಕೊನೆಗೆ, ಕಂಪನಿಯ ಯಜಮಾನ ಎಂಬುದನ್ನೂ ಮರೆತು, ಹಲ್ಲು ಹಚ್ಚಿದ. ನಟ್ಟಿನ ಮೇಲೆ ಭಾವ ಕಬ್ಬಿಣದ ಬೆಸುಗೆ ಹಾಕಿಸಿದ್ದ. ಕಂಪನಿ ಶುರುವಾದಾಗಿನಿಂದ ಅಷ್ಟು ಗಟ್ಟಿಯಾದ ಆಟಿಕೆ ಆ ಗೇಟಿನೊಳಗೆ ತಯಾರಾದದ್ದು ಅದೇ ಮೊದಲು.

ಇಂಜಿನ್ನನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ತಳ್ಳಿದ. ಒಂದಿಷ್ಟೂ ಓಲಾಡದೆ, ನೆಟ್ಟಗೆ, ಮೇಜಿನ ಆ ತುದಿಯವರೆಗೆ ಓಡಿ ನಿಂತಿತು. ಅಲ್ಲಿಂದ ಅದನ್ನು ಈ ಕಡೆಗೆ ತಳ್ಳುವವರು ಯಾರೂ ಇರಲಿಲ್ಲ. ಅವನೇ ಎದ್ದು ಹೋಗಿ ತಂದ.

"ಹೇಗಿದೆ ಸಾರ್?" ಎಂದು ಮ್ಯಾನೇಜರ್ ಬಾಗಿಲಿಂದ ಇಣುಕಿದ.

ಆಟಿಕೆಯ ವಿಷಯದಲ್ಲಿ ಯಜಮಾನ ಎಂದೂ ಸುಳ್ಳು ಹೇಳಿದವನಲ್ಲ.

"ಬಹಳ ಚೆನ್ನಾಗಿದೆ" ಎಂದ. "ಕಳಿಸಿ."